ತೂಬಿನ ಮೇಲೊಂದು ಬೆಂಡು

ಬೆಳಗಿನ ಆರೂಮುಕ್ಕಾಲು. ಹಿನ್ನೀರು ಇನ್ನೂ ಕಣ್ಣಿಗೆ ಬಿದ್ದಿಲ್ಲ, ಕಿವಿಗೆ ಮಾತ್ರ ಬೀಳುತ್ತಿದೆ. ಹತ್ತು ಹೆಜ್ಜೆ ಆಚೆ ಎಲ್ಲೋ ಸಣ್ಣ ತೆರೆಗಳು ದಡದ ಕೆಸರನ್ನು ಚಪ್ಪರಿಸುತ್ತಿವೆ. ಪುಷ್ಯ ಮಾಸದ ಮಂಜು ಕಾಫಿ ತೋಟದ ಸಿಲ್ವರ್ ಮರಗಳಿಂದ ಇಳಿದು, ಶುಂಠಿ ಕಿತ್ತು ಖಾಲಿ ಬಿಟ್ಟ ಹೊಲದ ಮೇಲೆ ಹರಡಿ, ನೀರಿನ ಮೇಲೂ ಹಾಗೇ ಮುಂದುವರಿದಿದೆ. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದು ಪಾದ ತಣ್ಣಗಾದಾಗಲೇ ಗೊತ್ತು.

ಆಲೂರಿನಿಂದ ಕತ್ತಲಿರುವಾಗಲೇ ಹೊರಟಿದ್ದೆ. ಅರ್ಧ ದಾರಿಯಲ್ಲಿ ಫೋನಿಗೆ ಸಂದೇಶ ಬಂತು: ಹಿನ್ನೀರಿನ ಪಕ್ಕದ ತೋಟದಲ್ಲಿ ಆನೆ ಗುಂಪು ಇದೆ, ಎಚ್ಚರ. ಸಕಲೇಶಪುರ, ಆಲೂರು ಸೀಮೆಯಲ್ಲಿ ಕಾಫಿ ಹಣ್ಣು ಬಿಡಿಸಲು ಹೋಗುವವರೂ ಬಲೆ ಎತ್ತಲು ಹೋಗುವವರೂ ದಿನ ಶುರು ಮಾಡುವುದು ಇಂಥ ಸಂದೇಶ ನೋಡಿಕೊಂಡೇ. ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಕೂತು, ಎರಡು ಲೋಟ ಕಾಫಿ ಕುಡಿದು, ಗುಂಪು ರಸ್ತೆ ದಾಟಿ ಮೇಲಿನ ಕಾಡಿಗೆ ಹತ್ತಿತು ಎಂದು ಗೊತ್ತಾದ ಮೇಲೆ ಇಲ್ಲಿಗೆ ಇಳಿದೆವು.

ದೊಡ್ಡಪ್ಪ ಎಂದರೆ ರಕ್ತಸಂಬಂಧವಲ್ಲ. ಅಪ್ಪನ ಊರಿನವರು, ಹಾಗಾಗಿ ದೊಡ್ಡಪ್ಪ. ಮೀನುಗಾರರ ಸಹಕಾರ ಸಂಘದ ಸದಸ್ಯರು. ಸಂಘದವರನ್ನು ಕೇಳಿ, ಅವರು ಸರಿ ಎಂದ ಮೇಲೆಯೇ ನಾನು ಇಲ್ಲಿ ಗಾಳ ಹಾಕುವುದು. ವಯಸ್ಸು ಅರವತ್ತರ ಹತ್ತಿರ. ಲೆಕ್ಕ ಸುಲಭ: 1979ರಲ್ಲಿ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದಾಗ ಅವರಿಗೆ ಹನ್ನೆರಡು.

ದಡದಲ್ಲಿ ಬೋರಲು ಹಾಕಿದ ತೆಪ್ಪವನ್ನು ಮಗುಚುತ್ತೇವೆ. ಬಿದಿರಿನ ಹೆಣಿಗೆ, ಮೇಲೆ ಟಾರ್ಪಾಲು, ಅದರ ಮೇಲೆ ಡಾಂಬರು. ರಾತ್ರಿಯಿಡೀ ಇಬ್ಬನಿ ಕುಡಿದ ಡಾಂಬರಿನ ವಾಸನೆ ಮೂಗಿಗೆ ಹತ್ತುತ್ತದೆ. ಒಳಗೆ ಒಂದು ಹುಟ್ಟು, ಎರಡು ಗಾಳದ ಕೋಲು, ಎರೆಹುಳು ತುಂಬಿದ ಡಬ್ಬಿ, ಕಿತ್ತಳೆ ಬಣ್ಣದ ಎರಡು ಲೈಫ್ ಜಾಕೆಟ್ಟು. ಜಾಕೆಟ್ಟು ಹಾಕದೆ ನಾನು ಹತ್ತುವುದಿಲ್ಲ, ಅವರನ್ನೂ ಹತ್ತಲು ಬಿಡುವುದಿಲ್ಲ. ಈಜು ಬರುತ್ತದೆ ಎಂಬ ಧೈರ್ಯಕ್ಕೆ ಹಿನ್ನೀರಿನಲ್ಲಿ ಬೆಲೆಯಿಲ್ಲ. ಕೆಳಗೆ ಮುಳುಗಿದ ಮರದ ಬೊಡ್ಡೆಗಳಿವೆ, ಹರಿದು ಬಿಟ್ಟ ಬಲೆಗಳಿವೆ. ಕಾಲು ಸಿಕ್ಕಿಕೊಂಡರೆ ಈಜು ಯಾವ ಉಪಯೋಗಕ್ಕೂ ಬಾರದು.

ಇವತ್ತು ಇನ್ನೆರಡು ಸಾಮಾನು ಹೆಚ್ಚಿಗೆ ಇವೆ. ಒಂದು ನಾನು ಮಾಡಿ ತಂದದ್ದು, ಇನ್ನೊಂದು ಅವರದ್ದು.

ನನ್ನದು ಚೀಲ. ಯೂರಿಯಾ ಗೊಬ್ಬರದ ಖಾಲಿ ಚೀಲವನ್ನು ತೊಳೆದು, ಬಾಯಿಗೆ ಮುರಿದ ಕುಕ್ಕೆಯ ಬಿದಿರಿನ ಬಳೆ ಹೊಲಿದಿದ್ದೇನೆ, ಬಾಯಿ ಸದಾ ತೆರೆದಿರಲಿ ಎಂದು. ಬಳೆಯ ನಾಲ್ಕು ಕಡೆಯಿಂದ ನಾಲ್ಕು ದಾರ ಬಂದು, ತಕ್ಕಡಿ ತಟ್ಟೆಯ ದಾರಗಳ ಹಾಗೆ ಒಂದು ಗಂಟಿನಲ್ಲಿ ಸೇರುತ್ತವೆ. ಆ ಗಂಟಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ತೆಪ್ಪದ ಅಂಚಿಗೆ. ಚೀಲದ ತಳದಿಂದ ಇನ್ನೊಂದು ಸಣ್ಣ ಹಗ್ಗ, ಅದು ಬಾಲ. ಅಮೆರಿಕದ ದೊಡ್ಡ ಸರೋವರಗಳಲ್ಲಿ ದೋಣಿಯಲ್ಲಿ ಕೂತು ಮೀನು ಹಿಡಿಯುವವರು ಇದನ್ನು ಡ್ರಿಫ್ಟ್ ಸಾಕ್ ಎನ್ನುತ್ತಾರೆ, ಅಂಗಡಿಯಲ್ಲೇ ಕೊಳ್ಳುತ್ತಾರೆ. ಸಮುದ್ರದಲ್ಲಿ ಎಂಜಿನ್ ಕೆಟ್ಟ ದೋಣಿ ಅಲೆಗೆ ಅಡ್ಡ ಬೀಳದಂತೆ ಇಳಿಬಿಡುವ ಬಟ್ಟೆಯ ಲಂಗರಿಗೂ ಇದಕ್ಕೂ ಕೆಲಸ ಒಂದೇ.

ಅವರದ್ದು ಹವಾಯಿ ಚಪ್ಪಲಿ. ಪಟ್ಟಿ ಕಿತ್ತುಹೋದ ಎಡಗಾಲಿನದ್ದು. ಮುಂದೆ ಹಿಂದೆ ಕುಡುಗೋಲಿನಲ್ಲಿ ಒಂದೊಂದು ಕಚ್ಚು ಕೊಯ್ದು, ಆ ಕಚ್ಚುಗಳ ನಡುವೆ ಉದ್ದಕ್ಕೂ ನೈಲಾನ್ ದಾರ ಸುತ್ತಿದ್ದಾರೆ, ದಾರದ ತುದಿಗೆ ಮುಷ್ಟಿ ಗಾತ್ರದ ಕಲ್ಲು. ಉಂಗುಷ್ಟದ ತೂತಿಗೆ ಕೆಂಪು ಬಟ್ಟೆಯ ಚೂರು. ಇದು ಬೆಂಡು.

“ನೀರಿನ ಬಾಟ್ಲಿ ಸಿಗ್ತದಲ್ಲ ದೊಡ್ಡಪ್ಪ, ಚಪ್ಪಲಿ ಯಾಕೆ?”

“ಬಾಟ್ಲಿ ದುಂಡಗದೆ ಕಣ್ಲಾ. ತೆರೆ ಹೊಡೆದಂಗೆಲ್ಲ ಉಳ್ಳಾಡ್ತದೆ, ಉಳ್ಳಾಡ್ದಂಗೆಲ್ಲ ದಾರ ಬಿಡ್ತದೆ. ಒಂದು ಗಂಟೆ ಬಿಟ್ಟು ಬಂದ್ರೆ ಬೆಂಡು ಒಂದ್ಕಡೆ, ಕಲ್ಲು ಒಂದ್ಕಡೆ. ಚಪ್ಪಲಿ ಅಂಗಾತ ಮನಿಕತದೆ, ತಿರುಗಾಕಿಲ್ಲ.”

ಕಲ್ಲು ಕೆಳಗಿಳಿಯುವಾಗ ಅದರ ಭಾರಕ್ಕೆ ಚಪ್ಪಲಿ ಮಗುಚಿ ಮಗುಚಿ ದಾರ ಬಿಚ್ಚಬೇಕು, ಕಲ್ಲು ನೆಲ ಮುಟ್ಟಿದ ಕೂಡಲೇ ನಿಲ್ಲಬೇಕು. ಚಪ್ಪಟೆ ವಸ್ತುವನ್ನು ಮಗುಚುವಷ್ಟು ಬಲ ಸಣ್ಣ ತೆರೆಗಿಲ್ಲ, ಕಲ್ಲಿಗಿದೆ. ಆಳ ಎಷ್ಟೇ ಇರಲಿ, ಅಷ್ಟೇ ದಾರ ಬಿಚ್ಚಿಕೊಳ್ಳುತ್ತದೆ. ಹೊರದೇಶದ ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಬೆಂಡಿನ ಆಕಾರವೂ ಇದೇ ಕಾರಣಕ್ಕೆ ಚಪ್ಪಟೆ.

ಮಂಜಿನೊಳಗೆ ತೆಪ್ಪ ತಳ್ಳುತ್ತೇವೆ. ದೊಡ್ಡಪ್ಪ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹುಟ್ಟು ಹಾಕುತ್ತಾರೆ, ನೀರನ್ನು ತಮ್ಮ ಕಡೆಗೆ ಬಾಚಿಕೊಳ್ಳುವ ಹಾಗೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಹುಟ್ಟಿನಿಂದ ತೊಟ್ಟಿಕ್ಕುವ ಹನಿಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲೋ ಒಂದು ನೀರುಕಾಗೆ ರೆಕ್ಕೆ ಬಡಿದು ಎದ್ದಿತು. ಸ್ವಲ್ಪ ಹೊತ್ತಿಗೆ ಹುಟ್ಟು ನಿಲ್ಲಿಸಿ, ಬೀಡಿ ಹಚ್ಚಿ, ಸುಮ್ಮನೆ ಕೂತರು.

ಕಾಯಬೇಕು. ನಾವು ಹುಡುಕುತ್ತಿರುವುದು ನೀರಿನಡಿಯ ಒಂದು ಕೆರೆ ಏರಿಯನ್ನು.

ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ ಸಕಲೇಶಪುರ ದಾಟಿ ಬರುವ ಹೇಮಾವತಿ, ಅಣೆಕಟ್ಟು ಆಗುವ ಮೊದಲು ಈ ಬಯಲಿನಲ್ಲಿ ಗದ್ದೆಗಳ ನಡುವೆ ಹಾದುಹೋಗುತ್ತಿತ್ತು. ಜಲಾಶಯದ ಭರ್ತಿ ಮಟ್ಟ 2922 ಅಡಿ, ಹಿಡಿಯುವ ನೀರು 37 ಟಿಎಂಸಿ. ಆ ಅಂಕಿಯೊಳಗೆ ಊರುಗಳಿವೆ, ಕಣಗಳಿವೆ, ಗುಡಿಗಳಿವೆ, ಆ ಊರುಗಳ ಕೆರೆಗಳೂ ಇವೆ. ನೀರಿನೊಳಗೆ ಮುಳುಗಿದ ಕೆರೆ! ಶೆಟ್ಟಿಹಳ್ಳಿಯ ರೋಸರಿ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವುದನ್ನು ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ. ಈ ಏರಿ ಇರುವುದು ದೊಡ್ಡಪ್ಪನಂಥ ಕೆಲವರ ತಲೆಯಲ್ಲಿ ಮಾತ್ರ. ಹುಡುಗನಾಗಿದ್ದಾಗ ಅದರ ಮೇಲೆ ದನ ಹೊಡೆದುಕೊಂಡು ಹೋದವರು ಅವರು. 2023ರ ಬರದ ನಂತರದ ಬೇಸಿಗೆಯಲ್ಲಿ ನೀರು ಇಳಿದಾಗ ಏರಿಯ ಬೆನ್ನು ಮತ್ತೆ ಕಾಣಿಸಿತಂತೆ, ತೂಬಿನ ಎರಡು ಕಲ್ಲುಕಂಬಗಳೂ ನಿಂತೇ ಇದ್ದವಂತೆ.

ಮೀನಿಗೆ ಆ ತೂಬು ಬೇಕು. ಬಯಲಾದ ನೆಲದ ಮೇಲೆ ಮೀನು ನಿಲ್ಲುವುದಿಲ್ಲ. ಇಳಿಜಾರು, ಕಲ್ಲು, ಮರೆ ಇದ್ದಲ್ಲಿ ನಿಲ್ಲುತ್ತದೆ. ಏರಿಯ ಪಕ್ಕದಲ್ಲಿ ಗೆಂಡೆ ಕೆಸರು ಕೆದಕುತ್ತದೆ, ತೂಬಿನ ಕಂಬದ ಸಂದಿಯಲ್ಲಿ ಬಾಳೆಮೀನು ಹೊಂಚಿ ಕೂರುತ್ತದೆ. ಎರಡು ಕಂಬಗಳ ನಡುವೆ ಹೆಚ್ಚೆಂದರೆ ಒಂದು ಮಾರು ಜಾಗ. ಇಷ್ಟು ದೊಡ್ಡ ನೀರಿನಲ್ಲಿ ಒಂದು ಮಾರು.

ಎಂಟೂವರೆಗೆ ಮಂಜು ಹರಿಯಿತು. ಮೊದಲು ಪಡುವಲ ಗುಡ್ಡದ ನೆತ್ತಿ, ಆಮೇಲೆ ಅದರ ಕೆಳಗಿನ ನೀಲಗಿರಿ ಸಾಲು, ಕೊನೆಗೆ ದಡ. ದೊಡ್ಡಪ್ಪ ಬೀಡಿ ಆರಿಸಿ ಎದ್ದು ಕೂತರು. ಗುಡ್ಡದ ತುದಿಯ ಬೋಳು ಬಂಡೆ ನೀಲಗಿರಿ ಸಾಲಿನ ಮೊದಲ ಮರದ ಹಿಂದೆ ಸರಿಯಾಗಿ ಬರಬೇಕು. ತೆಂಕಲ ದಡದ ಪಂಪ್ ಮನೆಯ ತಗಡು, ಹಿಂದಿನ ಹಾಳುಗುಡಿಯ ಅತ್ತಿಮರಕ್ಕೆ ಕೂಡಬೇಕು. ಎರಡೂ ಗುರುತು ಒಟ್ಟಿಗೆ ಕೂಡಿದ ಜಾಗದಲ್ಲಿ ತೂಬು. ಎರಡು ಗೆರೆ ಒಂದನ್ನೊಂದು ಕತ್ತರಿಸುವುದು ಒಂದೇ ಜಾಗದಲ್ಲಿ ಎಂಬುದನ್ನು ನಾನು ಪುಸ್ತಕದಲ್ಲಿ ಕಲಿತೆ, ಅವರು ನೀರಿನ ಮೇಲೆ. ಆದರೆ ಈ ಗುರುತುಗಳನ್ನು ನಂಬಿ ಇಡೀ ದಿನ ಗಾಳ ಹಾಕಲಾಗದು. ಒಮ್ಮೆ ಮೀನಿನ ಜೊತೆ ಗುದ್ದಾಡಿದರೆ ತೆಪ್ಪ ಮೂರು ಸುತ್ತು ಸುತ್ತಿರುತ್ತದೆ, ಗುರುತು ಹೋಗಿರುತ್ತದೆ. ಮತ್ತೆ ಮಂಜು ಕವಿದರೂ ಅಷ್ಟೇ. ಬೆಂಡು ಬೇಕಾಗುವುದು ಅದಕ್ಕೆ.

“ಬುಡು.”

ಕಲ್ಲು ಕೈಬಿಟ್ಟೆ. ಚಪ್ಪಲಿ ನೀರಿನ ಮೇಲೆ ಪಟಪಟ ಮಗುಚಿತು, ಎಂಟು, ಒಂಬತ್ತು, ಹತ್ತು, ನಿಂತಿತು. ಕೆಂಪು ಚೂರು ಮೇಲಕ್ಕೆ. ಬಿಟ್ಟದ್ದು ತೂಬಿನ ನೆತ್ತಿಯ ಮೇಲಲ್ಲ, ಅಲ್ಲಿಂದ ಎರಡು ಮಾರು ತೆಂಕಲಿಗೆ. ಮೀನು ಇರುವಲ್ಲಿಗೇ ಕಲ್ಲು ಎಸೆದರೆ ಮೀನು ಚದುರುತ್ತದೆ. ಗಾಳದ ದಾರವೂ ಬೆಂಡಿನ ದಾರವೂ ಹೆಣೆದುಕೊಂಡರೆ ಬೆಳಗೆಲ್ಲ ಬಿಡಿಸುವುದೇ ಕೆಲಸ.

ಒಂಬತ್ತು ಗಂಟೆಗೆ ಬಿಸಿಲು ಕಾದಂತೆ ಮೂಡಲ ಗಾಳಿ ಎದ್ದಿತು. ನದಿ ಹರಿಯಬೇಕಾದದ್ದು ಗೊರೂರಿನ ಕಡೆಗೆ. ಗಾಳಿ ನಮ್ಮನ್ನು ತಳ್ಳುವುದು ಅದಕ್ಕೆ ಎದುರು, ಮಲೆನಾಡಿನ ಕಡೆಗೆ. ಏರಿ ಮೂಡಲಿಂದ ಪಡುವಲಿಗೆ ಚಾಚಿದೆಯಾದ್ದರಿಂದ ಇದು ಒಳ್ಳೆಯದೇ. ಏರಿಯ ಮೂಡಲ ತುದಿಗೆ ಹೋಗಿ ತೆಪ್ಪವನ್ನು ಗಾಳಿಗೆ ಬಿಟ್ಟರೆ, ಅದು ಏರಿಯುದ್ದಕ್ಕೂ ತೇಲುತ್ತ, ಬೆಂಡಿನ ಪಕ್ಕ ಹಾದು, ಪಡುವಲ ತುದಿಯ ಒಣಬೊಡ್ಡೆ ಮುಟ್ಟುತ್ತದೆ. ಎರೆಹುಳು ಚುಚ್ಚಿದ ಎರಡು ಗಾಳ ನೆಲ ಸವರಿಕೊಂಡು ಹಿಂದೆ ಬರುತ್ತವೆ.

ಮೊದಲ ಸಲ ಚೀಲವಿಲ್ಲದೆ ಬಿಟ್ಟೆವು. ತೆಪ್ಪಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ. ನೀರೊಳಗೆ ಇಳಿಯುವುದು ಒಂದು ಗೇಣಿಗಿಂತ ಕಡಿಮೆ, ನೀರಿನ ಹಿಡಿತವೇ ಸಿಗದು. ಗಾಳಿಗೆ ಸಿಕ್ಕಿ ಬುಗುರಿಯಾಯಿತು. ನನ್ನ ಎದುರಿದ್ದ ಗುಡ್ಡ ಬೆನ್ನಿಗೆ ಬಂತು, ದೊಡ್ಡಪ್ಪನ ದಾರ ನನ್ನ ದಾರದ ಮೇಲೆ ಹತ್ತಿತು, ಎರಡೂ ಸೇರಿ ತೆಪ್ಪದ ಅಡಿಗೆ ಹೋದವು. ಬೆಂಡಿನಿಂದ ಒಣಬೊಡ್ಡೆಯವರೆಗೆ ಎಣಿಸಿದೆ: ನೂರಾ ಇಪ್ಪತ್ತು. ಅಷ್ಟು ವೇಗದಲ್ಲಿ ಓಡುವ ಹುಳವನ್ನು ಕೆಸರು ಮೇಯುವ ಗೆಂಡೆ ಅಟ್ಟಿಸಿಕೊಂಡು ಬರುವುದಿಲ್ಲ.

ಹುಟ್ಟು ಹಾಕಿ ಮತ್ತೆ ಮೂಡಲ ತುದಿಗೆ. ಈ ಸಲ ಚೀಲ.

ಗಾಳಿ ಬರುವ ಕಡೆಯ ಅಂಚಿಗೆ ಹಗ್ಗ ಕಟ್ಟಿ ಚೀಲ ಇಳಿಬಿಟ್ಟೆ. ಬಿದಿರು ಬಳೆಯ ಕೆಳಗಂಚಿಗೆ ಸೀಸದ ಗುಂಡು, ಮೇಲಂಚಿಗೆ ಚಪ್ಪಲಿಯ ತುಂಡು. ಹಾಗಾಗಿ ಬಾಯಿ ನೇರ ನಿಂತು ಒಂದು ಮೊಳ ಆಳದಲ್ಲಿ ನೀರು ತುಂಬಿಕೊಂಡಿತು. ಹಗ್ಗ ಬಿಗಿಯಾಯಿತು. ಆ ಕ್ಷಣ ಕೂತಲ್ಲೇ ಗೊತ್ತಾಗುತ್ತದೆ, ಎತ್ತಿನ ಗಾಡಿ ಇಳಿಜಾರಿನಲ್ಲಿ ಜಾರುವಾಗ ಯಾರೋ ಹಿಂದಿನಿಂದ ಹಿಡಿದ ಹಾಗೆ. ಬುಗುರಿ ನಿಂತಿತು. ದುಂಡು ತೆಪ್ಪಕ್ಕೆ ಮೊದಲ ಬಾರಿಗೆ ಒಂದು ಹಿಂಭಾಗ ಬಂತು, ಹಗ್ಗ ಕಟ್ಟಿದ ಅಂಚು. ಗುಡ್ಡ ಎದುರಿಗೇ ಉಳಿಯಿತು.

ಖುಷಿ ಬಹಳ ಹೊತ್ತು ಬಾಳಲಿಲ್ಲ. ಚೀಲ ಎಡಕ್ಕೆ ಎಳೆಯಿತು, ಆಮೇಲೆ ಬಲಕ್ಕೆ. ಕಟ್ಟಿದ ಹೋರಿ ಹಗ್ಗ ಜಗ್ಗುವ ಹಾಗೆ ಅತ್ತಿಂದಿತ್ತ, ಇತ್ತಿಂದತ್ತ. ತೆಪ್ಪ ಒಂದೇ ಸಮನೆ ಹೊಯ್ದಾಡಿತು, ಗಾಳದ ತುದಿ ಕುಣಿಯಿತು. ಮೀನು ಮುಟ್ಟಿದರೂ ತಿಳಿಯುವ ಹಾಗಿಲ್ಲ. ನನಗೆ ಹೊಲಿಗೆಯ ಮೇಲೆ ಅನುಮಾನ. ನಾಲ್ಕು ದಾರದಲ್ಲಿ ಯಾವುದೋ ಗಿಡ್ಡವಾಗಿರಬೇಕು ಎಂದು ಎಳೆದು ಅಳೆಯಲು ಕೂತೆ.

ದೊಡ್ಡಪ್ಪ ಚೀಲ ಇಸಿದುಕೊಂಡರು. ತಿರುಗಿಸಿ ತಳ ನೋಡಿದರು. ಕುಡುಗೋಲು ತೆಗೆದು ತಳದ ಎರಡು ಮೂಲೆಗಳನ್ನೂ ಕಚಕ್ಕೆಂದು ಕೊಯ್ದರು, ಎರಡು ಬೆರಳು ತೂರುವಷ್ಟು.

“ಒಳಕ್ಕೆ ಹೋದ ನೀರಿಗೆ ದಾರಿ ಬ್ಯಾಡ್ವೇನ್ಲಾ? ದಾರಿ ಇಲ್ದಿದ್ರೆ ಅದು ಬಾಯಿಂದ್ಲೇ ಚೆಲ್ಲಾಡ್ತದೆ, ಒಂದ್ಸಲ ಈ ಕಡೀಕೆ, ಒಂದ್ಸಲ ಆ ಕಡೀಕೆ. ಕೆರೆಗೆ ತೂಬು ಯಾಕಿಟ್ಟವ್ರೆ?”

ನಾವು ಯಾವುದರ ಮೇಲೆ ತೇಲುತ್ತಿದ್ದೇವೆಂದು ಆಗ ನೆನಪಾಯಿತು.

ಮೂರನೆಯ ಸಲ ಚೀಲ ಮಾತು ಕೇಳಿತು. ಹಿಂದೆ ನೇರ ನಿಂತು, ತಳದ ತೂತುಗಳಿಂದ ನೀರು ಬಿಡುತ್ತ, ತೆಪ್ಪವನ್ನು ಮೆಲ್ಲಗೆ ಹಿಡಿದುಕೊಂಡು ಬಂತು. ಒಣಬೊಡ್ಡೆ ಮುಟ್ಟುವಷ್ಟರಲ್ಲಿ ನನ್ನ ಎಣಿಕೆ ನೂರಾ ಎಂಬತ್ತು ದಾಟಿತ್ತು. ನೀರಿನ ಅಡ್ಡಿ ವೇಗದ ವರ್ಗದಷ್ಟು ಏರುತ್ತದೆ, ಹಾಗಾಗಿ ವೇಗ ಅರ್ಧಕ್ಕಿಳಿಯಬೇಕಾದರೆ ಅಡ್ಡಿ ಒಡ್ಡುವ ಮೈ ನಾಲ್ಕರಷ್ಟು ಬೇಕು. ಒಂದು ಗೊಬ್ಬರದ ಚೀಲದಿಂದ ಅದು ಆಗದು. ಆದರೆ ನೂರಾ ಇಪ್ಪತ್ತಕ್ಕೂ ನೂರಾ ಎಂಬತ್ತಕ್ಕೂ ಇರುವ ವ್ಯತ್ಯಾಸ ಗಾಳದ ತುದಿಯಲ್ಲಿ ಕಾಣುತ್ತದೆ. ಈಗ ಗುಂಡು ನೆಲದ ಮೇಲೆ ಹಾರುತ್ತಿಲ್ಲ, ಹರಿದಾಡುತ್ತಿದೆ. ಕೋಲು ಹಿಡಿದ ಬೆರಳಿಗೆ ನೆಲ ಓದಲು ಬರುತ್ತದೆ: ಇಲ್ಲಿ ಮೆತ್ತಗೆ ಕೆಸರು, ಇಲ್ಲಿ ಗರಗರ ಜಲ್ಲಿ, ಇಲ್ಲಿ ಟಕ್ ಎಂದು ಕಲ್ಲು. ನಲವತ್ತಕ್ಕೂ ಹೆಚ್ಚು ವರ್ಷ ನೀರಿನಡಿಯಲ್ಲಿದ್ದ ಏರಿಯ ಮೇಲೆ ನನ್ನ ಬೆರಳು ನಡೆಯುತ್ತಿದೆ.

ನಾಲ್ಕನೆಯ ಸಲ, ಕೆಂಪು ಚೂರು ನನ್ನ ಎಡಕ್ಕೆ ಬಂದ ಹೊತ್ತಿಗೆ, ಟಕ್ ಎಂದ ಕಲ್ಲು ಮತ್ತೆ ಟಕ್ ಎಂದಿತು. ಕಲ್ಲು ಎರಡನೇ ಸಲ ಹಾಗೆ ಎಳೆಯುವುದಿಲ್ಲ. ಕೋಲು ಬಾಗಿ ತುದಿ ನೀರು ಮುಟ್ಟಿತು.

“ಚೀಲ!” ಎಂದೆ. ಅಷ್ಟರಲ್ಲಿ ದೊಡ್ಡಪ್ಪನ ಕೈ ಬಾಲದ ಹಗ್ಗಕ್ಕೆ ಹೋಗಿತ್ತು. ಬಾಯಿಯ ಕಡೆಯಿಂದ ಎಳೆದರೆ ನೀರು ತುಂಬಿದ ಚೀಲ ಬರುವುದು ಕಷ್ಟ. ಬಾಲ ಹಿಡಿದೆಳೆದರೆ ಚೀಲ ತಲೆಕೆಳಗಾಗಿ, ನೀರು ಕಕ್ಕಿ, ಒದ್ದೆ ಪಂಚೆಯ ಹಾಗೆ ಸಲೀಸಾಗಿ ಬರುತ್ತದೆ. ನಾಲ್ಕೇ ಎಳೆತಕ್ಕೆ ಒಳಗೆ ಬಂತು. ಮೀನು ಹಗ್ಗಕ್ಕೆ ಸುತ್ತಿಕೊಳ್ಳುವ ದಾರಿ ತಪ್ಪಿತು. ಅದು ಕೆಳಗೇ ಕೆಳಗೇ ಎಳೆಯಿತು, ತೂಬಿನ ಕಡೆಗೆ. ಕಂಬ ಸುತ್ತಿದರೆ ದಾರ ತುಂಡು. ಚೀಲ ಮೇಲೆ ಬಂದಿದ್ದರಿಂದ ಗಾಳಿ ತೆಪ್ಪವನ್ನು ಪಡುವಲಿಗೆ ಹಾರಿಸಿತು. ಬೆಳಗಿಂದ ಬೈದುಕೊಂಡ ಅದೇ ಗಾಳಿ ಈಗ ಮೀನನ್ನು ಕಂಬದಿಂದ ದೂರ ಎಳೆಯಲು ನಮ್ಮ ಪಾಲಿಗೆ ಸೇರಿತು. ಐದು ನಿಮಿಷವೋ ಹತ್ತೋ, ಹೇಳಲಾರೆ. ಕೊನೆಗೆ ಬೆಳ್ಳಗಿನ ಹೊಟ್ಟೆ ತಿರುಗಿಸಿ ಮೇಲೆ ಬಂದದ್ದು ಗೆಂಡೆ, ಹೊನ್ನಿನ ಬಣ್ಣದ ದಪ್ಪ ಹುರುಪೆ, ತುಟಿಯ ಪಕ್ಕ ಎರಡೆರಡು ಮೀಸೆ. ದೊಡ್ಡಪ್ಪ ಕಿವಿರಿಗೆ ಬೆರಳು ಹಾಕಿ ಎತ್ತಿದರು. “ಎಲ್ಡು ಕೇಜಿಗೆ ಮೋಸ ಇಲ್ಲ.”

ಆ ಸಂಭ್ರಮದಲ್ಲೇ ನಾನು ತಪ್ಪು ಮಾಡಿದೆ. ಮತ್ತೆ ಚೀಲ ಇಳಿಬಿಡುವಾಗ ಹಗ್ಗವನ್ನು ಉದ್ದ ಬಿಟ್ಟು, ಅಂಚಿಗೆ ಜಾರುಗಂಟು ಹಾಕುವ ಬದಲು ಗಟ್ಟಿ ಗಂಟು ಹಾಕಿದೆ. ಏರಿಯ ಪಡುವಲ ತುದಿಯಲ್ಲಿ ನೀರು ತೆಳು, ಬೊಡ್ಡೆಗಳ ಕಾಡು. ಚೀಲ ಕೆಳಗೆ ಹೋಗಿ ಯಾವುದೋ ಬೊಡ್ಡೆಗೆ ಸಿಕ್ಕಿತು. ತೇಲುತ್ತಿದ್ದ ತೆಪ್ಪ ಜಗ್ಗಿ ನಿಂತಿತು, ಕಟ್ಟಿದ ಅಂಚು ನೀರಿಗೆ ಬಾಗಿತು, ಹಿಂದಿನಿಂದ ಬಂದ ತೆರೆ ಒಳಗೆ ಹಾರಿತು. ಮಂಡಿಯವರೆಗೆ ತಣ್ಣೀರು. ಹುಳದ ಡಬ್ಬಿ ತೇಲಿತು. ನಾನು ಗಂಟಿನ ಮೇಲೆ ಉಗುರು ಊರುತ್ತಿದ್ದೇನೆ, ಒದ್ದೆ ನೈಲಾನು ಬಿಚ್ಚುತ್ತಿಲ್ಲ. ದೊಡ್ಡಪ್ಪ ಮೊದಲು ಮಾಡಿದ್ದು ನನ್ನನ್ನು ಭುಜ ಹಿಡಿದು ಎದುರಂಚಿಗೆ ತಳ್ಳಿದ್ದು. ಭಾರ ಅತ್ತ ಹೋಗುತ್ತಲೇ ಮುಳುಗುತ್ತಿದ್ದ ಅಂಚು ಎದ್ದಿತು. ಆಮೇಲೆ ಕುಡುಗೋಲು. ಹಗ್ಗ ತುಂಡಾಯಿತು, ತೆಪ್ಪ ಬಿಡುಗಡೆಯಾಗಿ ಎರಡು ಸುತ್ತು ಸುತ್ತಿತು.

ಇಬ್ಬರೂ ಮಾತಾಡದೆ ತಂಬಿಗೆಯಲ್ಲಿ ನೀರು ಎತ್ತಿ ಹೊರಗೆ ಚೆಲ್ಲಿದೆವು. ಎದೆ ಬಡಿತ ಜಾಕೆಟ್ಟಿನ ಒಳಗಿಂದ ಕೇಳುತ್ತಿತ್ತು.

“ಬುಡೋ ಹಗ್ಗ ಯಾವತ್ತೂ ನೀರಿನ ಆಳಕ್ಕಿಂತ ಗಿಡ್ಡ ಇರ್ಬೇಕು,” ಎಂದರು ಬಹಳ ಹೊತ್ತಿನ ಮೇಲೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಆ ಮಾತನ್ನು ಎರಡು ಸಲ ಹೇಳಿದರು. ಎಳೆದ ಕೂಡಲೇ ಬಿಚ್ಚುವ ಗಂಟು ಬಿಟ್ಟು ಬೇರೆ ಗಂಟಿನಿಂದ ತೆಪ್ಪಕ್ಕೆ ಏನನ್ನೂ ಕಟ್ಟಬಾರದು. ಲಂಗರನ್ನು ಈ ಹಿನ್ನೀರಿನಲ್ಲಿ ಅವರು ಮುಟ್ಟದಿರುವುದೂ ಇದೇ ಕಾರಣಕ್ಕೆ. ಬೊಡ್ಡೆಗೆ ಕಚ್ಚಿದ ಲಂಗರು ಗಾಳಿ ಜೋರಾದಾಗ ಮೊದಲು ಮುಳುಗಿಸುವುದು ತನ್ನನ್ನು ಕಟ್ಟಿದ ತೆಪ್ಪವನ್ನೇ. ಗಾಳಿಯ ಜೊತೆ ಹೋಗಬೇಕು, ನಿಧಾನವಾಗಿ ಹೋಗಬೇಕು. ಚೀಲ ಮಾಡುವುದು ಅಷ್ಟನ್ನೇ.

ಚೀಲ ಸಿಗಲಿಲ್ಲ. ಬಾಲದ ಹಗ್ಗದ ಕೊನೆ ನೀರಿನಲ್ಲಿ ಕಂಡೀತೇನೋ ಎಂದು ಎರಡು ಸಲ ಸುತ್ತು ಹೊಡೆದೆವು. ಇಲ್ಲ. ಇನ್ನೊಂದು ಪ್ಲಾಸ್ಟಿಕ್ಕನ್ನು ಈ ನೀರಿನಡಿಗೆ ಬಿಟ್ಟು ಬಂದೆನಲ್ಲ ಎಂಬುದು ಈಗಲೂ ಮನಸ್ಸಿಗೆ ಚುಚ್ಚುತ್ತಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಂದು ಬಿಡಿಸಿಕೊಂಡು ಹೋಗಬೇಕು.

ಹನ್ನೊಂದರ ಬಿಸಿಲು. ಗಾಳಿಗೆ ನೀರಿನ ಮೇಲೆ ಬಿಳಿ ನೊರೆ ಕಾಣತೊಡಗಿತು. ಇನ್ನು ತೆಪ್ಪದಲ್ಲಿ ಇರಬಾರದು. ಹೋಗುವ ಮೊದಲು ಬೆಂಡು ಎತ್ತಲು ಹುಟ್ಟು ಹಾಕುತ್ತ ಮೂಡಲಿಗೆ ಹೋದೆವು. ಕೆಂಪು ಚೂರು ತೆರೆಗಳ ನಡುವೆ ಇಣುಕುತ್ತ, ಬೆಳಗ್ಗೆ ಬಿಟ್ಟಲ್ಲೇ ಅಂಗಾತ ಮಲಗಿತ್ತು. ದೊಡ್ಡಪ್ಪ ಚಪ್ಪಲಿ ಹಿಡಿದು, ದಾರವನ್ನು ಕಚ್ಚಿನಿಂದ ಕಚ್ಚಿಗೆ ಸುತ್ತುತ್ತ ಬಂದರು. ಒಂದು ಮಾರು, ಎರಡು, ಮೂರು, ಮೂರೂವರೆ. ಕಲ್ಲು ಮೇಲೆ ಬಂತು.

ಅದರ ಅಡಿಯಲ್ಲಿ ಅಂಟಿದ ಮಣ್ಣನ್ನು ಹೆಬ್ಬೆರಳಲ್ಲಿ ತೀಡಿ ನೋಡಿದರು. ಕಪ್ಪಗೆ, ಬೆಣ್ಣೆಯ ಹಾಗೆ ನುಣ್ಣಗೆ.

“ಗೋಡು. ಕೆರೆಯೊಳಗಿಂದು,” ಎಂದರು. “ಏರಿ ಮಣ್ಣು ಕೆಂಪಗಿರ್ಬೇಕು. ಕಲ್ಲು ಬಡಗಲ ಕಡೀಕೆ ಬಿದ್ದದೆ.”

ತಿರುಗಿ ಬೋಳು ಬಂಡೆಯನ್ನೂ ನೀಲಗಿರಿ ಮರವನ್ನೂ ನೋಡಿದರು. ಕಣ್ಣು ಕಿರಿದು ಮಾಡಿ ಪಂಪ್ ಮನೆಯ ತಗಡಿನ ಕಡೆ ನೋಡಿದರು. ಅತ್ತಿಮರದ ಕೊಂಬೆಯೊಂದು ಈ ಮಳೆಗಾಲದಲ್ಲಿ ಮುರಿದಿದೆಯಂತೆ. ಆ ಕೊಂಬೆಯ ತುದಿಯನ್ನು ಹಿಡಿದು ಲೆಕ್ಕ ಹಾಕುತ್ತಿದ್ದವರು ಅವರು.

“ನಾಳೆ ಇನ್ನೂ ನಾಕು ಮಾರು ತೆಂಕ್ಲಿಗೆ ಬುಡಾನ. ಚೀಲ ಹೊಲ್ಕೊಂಡು ಬಾ. ಎಲ್ಡು ತಾ.”